ಡೋಲೋಗೆ ಹೆದರುವವರು ಕಾಂಬಿಫ್ಲಾಮ್‌ಗೆ ಯಾಕೆ ಹೆದರುವುದಿಲ್ಲ?

ಉಡುಪಿಯಲ್ಲಿ ಮೆಡಿಕಲ್ ಶಾಪಿನ ಕೌಂಟರಿನ ಹಿಂದೆ ನಿಂತು ಇಷ್ಟು ವರ್ಷ ಕಳೆದೆ. ಬಸುರಿಯರ ಮನೆಯವರು ಡೋಲೋ ಹೆಸರು ಕೇಳಿದರೆ ಬೆಚ್ಚಿ ಬೀಳುವುದನ್ನು ಈಗ ನೋಡುತ್ತಿದ್ದೇನೆ. ಡಾಕ್ಟರ್ ಚೀಟಿಯಲ್ಲಿ ಬರೆದಿದ್ದರೂ "ಅದೊಂದು ಬೇಡ, ಬೇರೆ ಎಂತಾದರೂ ಕೊಡಿ" ಅನ್ನುತ್ತಾರೆ. ಈ "ಬೇರೆ ಎಂತಾದರೂ" ಅನ್ನುವುದರ ಬಗ್ಗೆಯೇ ನನಗೆ ಹೆದರಿಕೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ, ಪುರುಸೊತ್ತಿದ್ದರೆ ಓದಿ.

ಇದೆಲ್ಲ ಜೋರಾದದ್ದು 2025ರ ಸೆಪ್ಟೆಂಬರ್ 22ರಂದು. ಅಮೆರಿಕದ ಅಧ್ಯಕ್ಷ ಟ್ರಂಪ್, ತಮ್ಮ ಆರೋಗ್ಯ ಮಂತ್ರಿ ಕೆನಡಿಯವರ ಜೊತೆ ಟಿವಿ ಮುಂದೆ ನಿಂತು, ಗರ್ಭಿಣಿಯರು ಟೈಲೆನಾಲ್ ತಿನ್ನಬೇಡಿ, ಅದಕ್ಕೂ ಮಕ್ಕಳ ಆಟಿಸಂಗೂ (ಮಾತು, ಜನರೊಡನೆ ಬೆರೆಯುವುದು ಬೇರೆ ರೀತಿ ಬೆಳೆಯುವ ಸ್ಥಿತಿ) ಸಂಬಂಧ ಉಂಟು, ಆದಷ್ಟು ತಡೆದುಕೊಳ್ಳಿ ಅಂದುಬಿಟ್ಟರು. ಟೈಲೆನಾಲ್ ಅಂದರೆ ನಮ್ಮ ಪ್ಯಾರಸಿಟಮಾಲ್. ಡೋಲೋ, ಕ್ರೋಸಿನ್, ಕ್ಯಾಲ್ಪಾಲ್ ಎಲ್ಲ ಅದೇ. ತಮಾಷೆ ನೋಡಿ, ಅದೇ ಹೊತ್ತಿಗೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಡಾಕ್ಟರುಗಳಿಗೆ ಕಳಿಸಿದ ಪತ್ರದಲ್ಲಿ, ಈ ಮಾತ್ರೆಯಿಂದಲೇ ಆಟಿಸಂ ಬರುತ್ತದೆ ಅಂತ ಸಾಬೀತಾಗಿಲ್ಲ ಎಂದು ಬರೆದಿತ್ತು. ವಿಶ್ವ ಆರೋಗ್ಯ ಸಂಸ್ಥೆಯೂ ಆ ವಾರವೇ ಅದನ್ನೇ ಹೇಳಿತು. ಆದರೆ ಪತ್ರವನ್ನು ಯಾರು ಫಾರ್ವರ್ಡ್ ಮಾಡುತ್ತಾರೆ ಮಾರಾಯ್ರೆ, ವಿಡಿಯೋ ಮಾತ್ರ ಫ್ಯಾಮಿಲಿ ಗ್ರೂಪಿಗೆ ಬಂತು.

ಅವರು ಗಾಳಿಯಲ್ಲಿ ಗುಂಡು ಹೊಡೆದರು ಅಂತಲೂ ನಾನು ಹೇಳುವುದಿಲ್ಲ. ಕೆಲವು ಅಧ್ಯಯನಗಳಲ್ಲಿ ಸಂಬಂಧ ಕಂಡಿದೆ. 2025ರ ಆಗಸ್ಟಿನಲ್ಲಿ 46 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಮರ್ಶೆ ಬಂತು, ಅದೂ ಸಂಬಂಧ ಇರುವಂತೆ ಕಾಣುತ್ತದೆ ಅಂದಿತು. ಅದನ್ನು ಬರೆದವರು ಕೂಡ ಮಾತ್ರೆ ನಿಲ್ಲಿಸಿ ಅನ್ನಲಿಲ್ಲ, ಬೇಕಾದಾಗ ಮಾತ್ರ, ಕಡಿಮೆ ದಿನ ತಿನ್ನಿ ಅಂದರು. ನಾವು ಕೌಂಟರಿನಲ್ಲಿ ಮೊದಲಿಂದ ಹೇಳುತ್ತಾ ಬಂದದ್ದೂ ಅದನ್ನೇ ಅಲ್ವಾ?

ಈಗ ಯೋಚಿಸಿ. ಸುಮ್ನೆ ಯಾರೂ ಪ್ಯಾರಸಿಟಮಾಲ್ ತಿನ್ನುವುದಿಲ್ಲ. ಜ್ವರ ಬಂದವರು, ಮೈಗ್ರೇನ್ ಇದ್ದವರು, ಸೋಂಕು ತಗಲಿದವರು ತಿನ್ನುತ್ತಾರೆ. ಕೊಡೆ ಹಿಡಿದವರೇ ರಸ್ತೆಯಲ್ಲಿ ಒದ್ದೆಯಾಗಿ ಕಾಣುತ್ತಾರೆ, ಹಾಗಂತ ಕೊಡೆಯಿಂದ ಮಳೆ ಬಂತು ಅನ್ನಲಿಕ್ಕಾಗುತ್ತದಾ? ಈ ಗೊಂದಲ ಬಿಡಿಸಲು ಸ್ವೀಡನ್ನಿನವರು ಒಳ್ಳೆ ಕೆಲಸ ಮಾಡಿದ್ದಾರೆ. 1995ರಿಂದ 2019ರವರೆಗೆ ಹುಟ್ಟಿದ 24 ಲಕ್ಷಕ್ಕೂ ಜಾಸ್ತಿ ಮಕ್ಕಳ ದಾಖಲೆ ತೆಗೆದರು. ಮೊದಲು ಎಲ್ಲರನ್ನೂ ಸೇರಿಸಿ ನೋಡಿದಾಗ ಆಟಿಸಂ ಸಂಭವ ಒಂಚೂರು ಜಾಸ್ತಿ ಕಂಡಿತು. ಆಮೇಲೆ ಒಂದೇ ತಾಯಿಯ ಮಕ್ಕಳನ್ನು ಹೋಲಿಸಿದರು, ಒಂದು ಮಗು ಹೊಟ್ಟೆಯಲ್ಲಿದ್ದಾಗ ತಾಯಿ ಈ ಮಾತ್ರೆ ತಿಂದಿದ್ದಾಳೆ, ಇನ್ನೊಂದರ ಹೊತ್ತಿಗೆ ತಿಂದಿಲ್ಲ. ಆಗ ಆ ವ್ಯತ್ಯಾಸವೇ ಇಲ್ಲ! ತಾಯಿ ಅದೇ, ಮನೆ ಅದೇ, ವಂಶ ಅದೇ. 2024ರಲ್ಲಿ ಇದು ಪ್ರಕಟವಾಗಿದೆ. ಆಟಿಸಂನಲ್ಲಿ ವಂಶವಾಹಿಗಳ ಪಾಲು ತುಂಬಾ ದೊಡ್ಡದು ಅನ್ನುವುದು ಮೊದಲೇ ಗೊತ್ತಿದ್ದ ವಿಷಯ.

"ಮೊದಲೆಲ್ಲ ಇಷ್ಟು ಆಟಿಸಂ ಇರಲಿಲ್ಲವಲ್ಲ" ಅನ್ನುವವರಿಗೆ ಒಂದೇ ಮಾತು. ಪ್ಯಾರಸಿಟಮಾಲ್ 1950ರ ದಶಕದಿಂದಲೇ ಅಂಗಡಿಯಲ್ಲಿದೆ. ಬದಲಾದದ್ದು ಗುರುತಿಸುವ ರೀತಿ. ಮಾತು ತಡವಾದ ಮಗುವನ್ನು ಮೊದಲು "ಅವನ ಅಪ್ಪನೂ ಹೀಗೇ" ಅಂತ ಬಿಡುತ್ತಿದ್ದರು, ಈಗ ತೋರಿಸುತ್ತಾರೆ.

ನಮ್ಮ ಕರಾವಳಿಯಲ್ಲಿ ಈ ಹೆದರಿಕೆ ಇನ್ನೂ ಅಪಾಯ. ಮಳೆಗಾಲದಲ್ಲಿ ಇಲ್ಲಿ ಬರುವ ಜ್ವರ ಎಲ್ಲವೂ ಸಾದಾ ಜ್ವರ ಅಲ್ಲ. ಡೆಂಗ್ಯೂ, ಇಲಿಜ್ವರ, ಮಲೇರಿಯಾ ಯಾವುದೂ ಆಗಬಹುದು, ಮಂಗಳೂರಿನವರಿಗಂತೂ ಮಲೇರಿಯಾ ಹೇಳಿಕೊಡಬೇಕಾಗಿಲ್ಲ. ಡೆಂಗ್ಯೂ ಜ್ವರ ಇಳಿಸಲು ಪ್ಯಾರಸಿಟಮಾಲ್ ಒಂದೇ, ಬ್ರೂಫೆನ್ (ಅಂದರೆ ಐಬುಪ್ರೋಫೆನ್), ಆಸ್ಪಿರಿನ್ ಮುಟ್ಟಬಾರದು, ರಕ್ತಸ್ರಾವದ ಭಯ. ಮೊದಲ ತಿಂಗಳುಗಳಲ್ಲಿ ಜೋರು ಜ್ವರ ಇಳಿಸದೆ ಬಿಟ್ಟರೆ ಮಗುವಿನ ಮೆದುಳು, ಬೆನ್ನುಹುರಿ ಬೆಳೆಯುವುದಕ್ಕೆ ತೊಂದರೆಯಾಗುವ ಸಂಭವ ಉಂಟು. ತಡೆದುಕೊಳ್ಳಿ ಅನ್ನುವುದು ಸುಲಭ, ಜ್ವರ ಬಂದದ್ದು ಅವರಿಗಲ್ಲವಲ್ಲ.

ಇನ್ನು ಆ "ಬೇರೆ ಎಂತಾದರೂ" ವಿಷಯ. ಡೋಲೋ ಬೇಡ ಅಂದವರೇ ಸೊಂಟನೋವಿಗೆ "ಒಂದು ಕಾಂಬಿಫ್ಲಾಮ್ ಕೊಡಿ" ಅನ್ನುತ್ತಾರೆ. ಅದರೊಳಗೆ ಪ್ಯಾರಸಿಟಮಾಲ್ ಉಂಟು, ಮೇಲಿಂದ ಐಬುಪ್ರೋಫೆನ್ ಬೇರೆ! ಐಬುಪ್ರೋಫೆನ್, ಡೈಕ್ಲೋಫೆನಾಕ್ ಜಾತಿಯ ನೋವಿನ ಮಾತ್ರೆಗಳು 20 ವಾರ ಕಳೆದ ಮೇಲೆ ಮಗುವಿನ ಕಿಡ್ನಿಗೆ ಪೆಟ್ಟು ಕೊಟ್ಟು, ಗರ್ಭದಲ್ಲಿ ಮಗುವಿನ ಸುತ್ತ ಇರುವ ನೀರು ಕಡಿಮೆ ಮಾಡಬಹುದು ಅಂತ ಅದೇ ಎಫ್‌ಡಿಎ 2020ರಲ್ಲಿ ಎಚ್ಚರಿಸಿದೆ. ಕೊನೆಯ ತಿಂಗಳುಗಳಲ್ಲಿ ಮಗುವಿನ ಹೃದಯದ ಹತ್ತಿರದ ಒಂದು ರಕ್ತನಾಳ ಹೊತ್ತಿಗೆ ಮೊದಲೇ ಮುಚ್ಚಿಕೊಳ್ಳುವ ಅಪಾಯವೂ ಇದೆ. ಇದರ ವಿಡಿಯೋ ಯಾರಿಗಾದರೂ ಬಂದಿದೆಯಾ? ನನಗಂತೂ ಬಂದಿಲ್ಲ.

ಮೊಡವೆಗೆ ತಿನ್ನುವ ಐಸೋಟ್ರೆಟಿನಾಯಿನ್ ಇನ್ನೂ ಕೆಟ್ಟದ್ದು, ಮಗುವಿನ ಅಂಗಗಳೇ ಸರಿಯಾಗಿ ರೂಪುಗೊಳ್ಳದೆ ಹೋಗಬಹುದು. ಇಲಿಜ್ವರದ ಭಯಕ್ಕೆ ಗದ್ದೆ ಕೆಲಸದವರು ತಿನ್ನುವ ಡಾಕ್ಸಿಸೈಕ್ಲಿನ್ ಬಸುರಿಯರಿಗೆ ಆಗದು. ಮಲೇರಿಯಾದ ಪ್ರೈಮಾಕ್ವಿನ್ ಕೂಡ ಆಗದು, ಅವರಿಗೆ ಮಲೇರಿಯಾದ ಬಗೆ ನೋಡಿ ಡಾಕ್ಟರ್ ಬೇರೆ ಮದ್ದು ಕೊಡುತ್ತಾರೆ. ಹಾಗಾಗಿ ಮನೆಯವರಿಗೆ ಬರೆದುಕೊಟ್ಟ ಮಾತ್ರೆಯಲ್ಲಿ ಮಿಕ್ಕಿದ್ದನ್ನು ಬಸುರಿಗೆ ಕೊಡುವ ಅಭ್ಯಾಸ ದಯವಿಟ್ಟು ಬಿಡಿ. ಡೋಲೋ ತಿನ್ನುವಾಗಲೂ ಒಂದು ಗಮನದಲ್ಲಿರಲಿ, ಶೀತದ ಮಾತ್ರೆಗಳಲ್ಲಿ ಹೆಚ್ಚಿನವಕ್ಕೆ ಪ್ಯಾರಸಿಟಮಾಲ್ ಸೇರಿಸಿರುತ್ತಾರೆ, ಎರಡೂ ತಿಂದರೆ ಲಿವರಿಗೆ ಡಬಲ್ ಆಗುತ್ತದೆ.

ಹಾಗಾದರೆ ಬಸುರಲ್ಲಿ ತಿಂದ ಮಾತ್ರೆಯಿಂದ ಆಟಿಸಂ ಬರುವ ಸಂಭವ ಹೆಚ್ಚುವುದು ಅಂತ ಇಲ್ಲವೇ ಇಲ್ಲವಾ? ಉಂಟು. ಅದರ ಹೆಸರು ಸೋಡಿಯಂ ವ್ಯಾಲ್ಪ್ರೋಯೇಟ್. ಫಿಟ್ಸಿಗೆ ಕೊಡುತ್ತಾರೆ, ಬೈಪೋಲಾರ್ ಕಾಯಿಲೆಗೂ ಕೊಡುತ್ತಾರೆ. ಬಸುರಿನಲ್ಲಿ ಇದನ್ನು ತಿಂದರೆ 100ರಲ್ಲಿ ಸುಮಾರು 10 ಮಕ್ಕಳಿಗೆ ಹುಟ್ಟಿನಿಂದಲೇ ಅಂಗದ ತೊಂದರೆ, 30ರಿಂದ 40 ಮಕ್ಕಳಿಗೆ ಮಾತು, ನಡಿಗೆ, ಕಲಿಕೆಯಲ್ಲಿ ಹಿನ್ನಡೆ. ಡೆನ್ಮಾರ್ಕಿನಲ್ಲಿ 2013ರಲ್ಲಿ ಬಂದ ಅಧ್ಯಯನದಲ್ಲಿ ಆಟಿಸಂ ಗುಂಪಿನ ತೊಂದರೆಗಳು ಉಳಿದ ಮಕ್ಕಳಲ್ಲಿ 1.5 ಶೇಕಡಾ ಇದ್ದರೆ, ಹೊಟ್ಟೆಯಲ್ಲಿದ್ದಾಗ ತಾಯಿ ಈ ಮಾತ್ರೆ ತಿಂದಿದ್ದ ಮಕ್ಕಳಲ್ಲಿ 4.4 ಶೇಕಡಾ ಇತ್ತು. ಹೆದರಬೇಕಾದ ಮಾತ್ರೆ ಇದು. ಇದರ ಬಗ್ಗೆ ಯಾವ ಅಧ್ಯಕ್ಷರೂ ಟಿವಿಯಲ್ಲಿ ಕೂಗುವುದಿಲ್ಲ.

ಇಲ್ಲಿ ನಮ್ಮ ಊರಿನ ಒಂದು ಕತೆ ಸೇರಿಕೊಳ್ಳುತ್ತದೆ. ಫಿಟ್ಸ್ ಇರುವ ಹುಡುಗಿಗೆ ಗಂಡು ನೋಡುವಾಗ ಆ ವಿಷಯ ಹೇಳುವುದಿಲ್ಲ. ಹೇಳಿದರೆ ಸಂಬಂಧ ಮುರಿಯುತ್ತದೆ ಎಂಬ ಭಯ, ಸುಳ್ಳೇನೂ ಅಲ್ಲ. ಮದುವೆಯಾದ ಮೇಲೆ ಹುಡುಗಿ ಕದ್ದು ಇದೇ ಮಾತ್ರೆ ತಿನ್ನುತ್ತಾಳೆ. ಒಬ್ಬಳು ನಮ್ಮಲ್ಲಿಗೆ ತವರಿಗೆ ಬಂದಾಗ ಮಾತ್ರ ಬರುತ್ತಿದ್ದಳು. "ಅಕ್ಕಾ, ಸ್ಟ್ರಿಪ್ಪಿಂದ ತೆಗೆದು ಇದಕ್ಕೆ ಹಾಕಿ ಕೊಡಿ" ಎಂದು ಬ್ಯಾಗಿನಿಂದ ಕ್ಯಾಲ್ಸಿಯಂ ಮಾತ್ರೆಯ ಖಾಲಿ ಡಬ್ಬಿ ತೆಗೆದಳು. ಅತ್ತೆ ಕೇಳಿದರೆ ಶಕ್ತಿಯ ಮಾತ್ರೆ ಅನ್ನುತ್ತಾಳಂತೆ. ಈ ಮಾತ್ರೆ ತೇವ ಎಳೆಯುತ್ತದೆ, ಸ್ಟ್ರಿಪ್ ಬಿಚ್ಚಿಟ್ಟರೆ ನಮ್ಮ ಜೂನ್ ತಿಂಗಳ ಹವೆಗೆ ಮೆತ್ತಗಾಗಿ ಕೆಟ್ಟುಹೋಗುತ್ತದೆ. ನಾನು ಸ್ಟ್ರಿಪ್ಪನ್ನೇ ಸಣ್ಣಸಣ್ಣಗೆ ಕತ್ತರಿಸಿ ಡಬ್ಬಿಯಲ್ಲಿ ತುಂಬಿಸಿಕೊಟ್ಟೆ. ಮಕ್ಕಳ ಯೋಚನೆ ಉಂಟಾ ಅಂತ ಕೇಳಿದೆ. ನಾಚಿಕೊಂಡಳು. ಆ ನಾಚಿಕೆ ನೋಡಿ ನನಗೆ ಹೊಟ್ಟೆಯೊಳಗೆ ಸಂಕಟವಾಯಿತು. ಯಾಕೆಂದರೆ ತಾಯಿ ಕಾರ್ಡ್ ಮಾಡಿಸುವ ದಿನ ಅತ್ತೆ ಪಕ್ಕದಲ್ಲೇ ಕೂತಿರುತ್ತಾರೆ, "ಬೇರೆ ಕಾಯಿಲೆ, ಮದ್ದು ಏನಾದರೂ ಉಂಟಾ" ಅಂತ ಕೇಳಿದರೆ ಇವಳು ಇಲ್ಲ ಅಂತಲೇ ತಲೆ ಆಡಿಸುವುದು.

ಇದನ್ನು ಓದುವ ಯಾರಾದರೂ ಆ ವ್ಯಾಲ್ಪ್ರೋಯೇಟ್ ಮಾತ್ರೆ ತಿನ್ನುತ್ತಿದ್ದರೆ, ದಯವಿಟ್ಟು ಇವತ್ತೇ ಹೆದರಿ ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಜೋರಾಗಿ ಬಂದು ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ. ಬಸುರಾಗುವ ಮೊದಲೇ ನರರೋಗ ತಜ್ಞರ ಹತ್ತಿರ ಹೋಗಿ, ಮನೋವೈದ್ಯರು ಕೊಟ್ಟದ್ದಾದರೆ ಅವರ ಹತ್ತಿರ. ಫಿಟ್ಸಿಗಾದರೆ ಲೆವೆಟಿರಾಸಿಟಾಮ್, ಲ್ಯಾಮೋಟ್ರಿಜಿನ್ ಥರದ, ಮಗುವಿಗೆ ಅಪಾಯ ತೀರಾ ಕಡಿಮೆ ಇರುವ ಮದ್ದುಗಳಿವೆ. ಅವಕ್ಕೆ ನಿಧಾನವಾಗಿ ಬದಲಿಸುತ್ತಾರೆ, ಫೋಲಿಕ್ ಆಸಿಡ್ ಶುರು ಮಾಡುತ್ತಾರೆ. ಆಗಲೇ ಬಸುರಾಗಿದ್ದರೆ ನಾಳೆಯೇ ಹೋಗಿ. ಅತ್ತೆಗೆ ಹೇಳುವುದು ಬಿಡುವುದು ನಿಮ್ಮ ಇಷ್ಟ. ಒಳಗೆ ಒಬ್ಬರೇ ಮಾತಾಡಬೇಕು ಅಂತ ನರ್ಸಿನ ಹತ್ತಿರ ಹೇಳಿದರೆ ಅವರೇ ಏನಾದರೂ ನೆಪ ಹೇಳಿ ಜೊತೆಗೆ ಬಂದವರನ್ನು ಹೊರಗೆ ಕೂರಿಸುತ್ತಾರೆ, ಅವರಿಗೆ ಇದೆಲ್ಲ ಅಭ್ಯಾಸ ಉಂಟು.