ಕವಿಗಳ ಕೆಡಿಪಿ ಸಭೆ

ಡಿಸೆಂಬರ್ ತಿಂಗಳಲ್ಲಿ ರಾಯಚೂರು ಕಡೆಯ ಹತ್ತಿ ಖರೀದಿ ಕೇಂದ್ರಕ್ಕೆ ಹೋದವರು ನೋಡಿರುತ್ತಾರೆ: ಗಾಡಿ ಬಂದು ನಿಂತ ಕೂಡಲೇ ಒಬ್ಬರು ಯಂತ್ರ ಹಿಡಿದು ಹತ್ತಿಯ ತೇವಾಂಶ ಅಳೆಯುತ್ತಾರೆ. ಶೇ 8ರೊಳಗಿದ್ದರೆ ಪೂರ್ತಿ ಬೆಂಬಲ ಬೆಲೆ, 12ರವರೆಗಿದ್ದರೆ ಕಡಿತದ ಬೆಲೆ, ಅದನ್ನೂ ದಾಟಿದರೆ ಗಾಡಿ ಬಂದ ದಾರಿಯಲ್ಲೇ ಊರಿಗೆ ಹೊರಳಬೇಕು. ಇದೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಇನ್ನೊಂದು ಫಸಲಿನ ಮಾತೂ ಪೇಟೆಗೆ ಬರುತ್ತದೆ. ಅದು ಬರಲಿರುವ ವರ್ಷದ ಸಾಹಿತ್ಯ. ಬಿತ್ತನೆಗೂ ಮೊದಲೇ ಇಳುವರಿಯ ಲೆಕ್ಕ ಮುಗಿದಿರುವ ಬೆಳೆ ನನಗೆ ತಿಳಿದಂತೆ ಇದೊಂದೇ. ಇದಕ್ಕೆ ತೇವಾಂಶದ ಪರೀಕ್ಷೆಯೂ ಇಲ್ಲ. ಇದ್ದಿದ್ದರೆ ಕಣ್ಣೀರಿನಲ್ಲಿ ನೆಂದ ನಮ್ಮ ಬಹುಪಾಲು ಕವನಗಳು ಗೇಟು ದಾಟುತ್ತಿರಲಿಲ್ಲ.

ಈ ಸಲದ ಇಳುವರಿಯನ್ನು ಗೊತ್ತುಮಾಡಲೆಂದು ನಮ್ಮೂರಿನ ಸಾಹಿತ್ಯ ಬಳಗವೊಂದು ಡಿಸೆಂಬರ್ ಕೊನೆಯ ಭಾನುವಾರ ಬರಹಗಾರರ ಸಭೆ ಕರೆದಿತ್ತು. ತೀನ್ ಕಂದೀಲ್ ಸಮೀಪದ ಮಹಡಿಯೊಂದನ್ನು ಹತ್ತಿ ಹೋದ ನಮಗೆ ಬಾಗಿಲಲ್ಲೇ ಒಂದು ಕೈಯಲ್ಲಿ ಒಗ್ಗರಣಿ-ಮಿರ್ಚಿಯ ತಟ್ಟೆಯನ್ನೂ ಇನ್ನೊಂದು ಕೈಯಲ್ಲಿ ಒಂದು ನಮೂನೆಯನ್ನೂ ಇಟ್ಟರು. ನಮೂನೆಯನ್ನು ಸಿದ್ಧಪಡಿಸಿದವರು ಬಳಗದ ಕಾರ್ಯದರ್ಶಿಗಳು. ನೌಕರಿಯುದ್ದಕ್ಕೂ ಕೆಡಿಪಿ, ಅಂದರೆ ಸರ್ಕಾರಿ ಇಲಾಖೆಗಳ ಪ್ರಗತಿ ಪರಿಶೀಲನಾ ಸಭೆಗಳಿಗೆ ವರದಿ ತಯಾರಿಸಿ ನಿವೃತ್ತರಾದ ಅವರಿಗೆ ಜಗತ್ತಿನ ಯಾವ ಸಂಗತಿಯೂ ಅಡ್ಡಗೆರೆ, ಉದ್ದಗೆರೆಗಳ ನಡುವೆ ಕೂರದೆ ಅರ್ಥವಾಗುವುದಿಲ್ಲ. ಕ್ರಮಸಂಖ್ಯೆ, ಸಾಹಿತಿಯ ಹೆಸರು, ಕಾವ್ಯನಾಮ, ಪ್ರಕಾರ, ಭೌತಿಕ ಗುರಿ, ಆರ್ಥಿಕ ಗುರಿ, ಸಾಧನೆ, ಶೇಕಡಾವಾರು ಪ್ರಗತಿ, ವಿಳಂಬಕ್ಕೆ ಕಾರಣ, ಷರಾ: ಹೀಗೆ ಹತ್ತು ಕಾಲಂಗಳು. ಭೌತಿಕ ಗುರಿ ಎಂದರೆ ಹೊರತರುವ ಪುಸ್ತಕಗಳ, ಪಡೆಯುವ ಸನ್ಮಾನಗಳ ಸಂಖ್ಯೆ. ಆರ್ಥಿಕ ಗುರಿ ಎಂದರೆ ಅದಕ್ಕೆ ತಗಲುವ ಖರ್ಚು. ಆದಾಯಕ್ಕೆ ಪ್ರತ್ಯೇಕ ಕಾಲಂ ಬೇಡವೇ ಎಂದು ಯಾರೂ ಕೇಳಲಿಲ್ಲ, ಏಕೆಂದರೆ ಅಲ್ಲಿದ್ದವರೆಲ್ಲರೂ ಅನುಭವಸ್ಥರು. ಏನನ್ನು ಬರೆಯುತ್ತೀರಿ ಎಂಬ ಪ್ರಶ್ನೆ ಮಾತ್ರ ಹತ್ತು ಕಾಲಂಗಳಲ್ಲಿ ಎಲ್ಲಿಯೂ ಇರಲಿಲ್ಲ.

ಬೆಂಗಳೂರಿನಿಂದ ರಾತ್ರಿ ರೈಲಿಗೆ ಬಂದಿಳಿದಿದ್ದ ತರಬೇತುದಾರರು ಮೊದಲು ಮಾತನಾಡಿದರು. ಗುರಿಯು ‘ಸ್ಮಾರ್ಟ್’ ಆಗಿರಬೇಕು, ಅಂದರೆ ನಿರ್ದಿಷ್ಟವಾಗಿರಬೇಕು, ಅಳತೆಗೆ ಸಿಗಬೇಕು, ಕೈಗೂಡುವಂತಿರಬೇಕು, ವಾಸ್ತವಕ್ಕೆ ಹತ್ತಿರವಿರಬೇಕು, ಕಾಲಮಿತಿಯೊಳಗಿರಬೇಕು ಎಂದು ಅವರು ಪರದೆಯ ಮೇಲೆ ಬಾಣಗಳನ್ನು ಹಾರಿಸಿ ವಿವರಿಸಿದರು. 1981ರಲ್ಲಿ ಜಾರ್ಜ್ ಡೊರಾನ್ ಎಂಬ ಅಮೆರಿಕದ ಸಲಹೆಗಾರರು ಕಂಪನಿಗಳ ಮ್ಯಾನೇಜರುಗಳಿಗೆಂದು ಬರೆದ ಈ ಸೂತ್ರ ಮುಂದೊಂದು ದಿನ ರಾಯಚೂರಿನ ಕವಿಗಳ ತಲೆಯ ಮೇಲೆ ಬಂದು ಕೂರುತ್ತದೆಂದು ಅವರಿಗೆ ಕನಸೂ ಬಿದ್ದಿರಲಾರದು. ಬಳಿಕ ತರಬೇತುದಾರರು, 2000ನೇ ಇಸವಿಯಿಂದ ಅಮೆರಿಕದಲ್ಲಿ ನವೆಂಬರ್‌ನ 30 ದಿನಗಳಲ್ಲಿ 50,000 ಪದಗಳ ಕಾದಂಬರಿ ಬರೆಯುವ ಸವಾಲೊಂದು ನಡೆದುಬಂದಿದೆಯೆಂದೂ ನಾವೂ ಅದನ್ನು ಅನುಸರಿಸಬೇಕೆಂದೂ ಹೇಳಿದರು. ಅದನ್ನು ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಬಾಗಿಲು ಹಾಕಿತು ಎಂಬ ಸಂಗತಿ ಪರದೆಯ ಮೇಲೆ ಬರಲಿಲ್ಲ. ಆದರೆ ಹಿಂದಿನ ಸಾಲಿನಿಂದ ಎದ್ದ ಮಾನ್ವಿಯ ಕವಿಗಳು ಮೂಲಭೂತವಾದ ತೊಡಕೊಂದನ್ನು ಎತ್ತಿದರು: “ನವೆಂಬರ್‌ನಾಗ ಆಗೂದಿಲ್ರಿ ಸರ. ತಿಂಗಳತನಕ ರಾಜ್ಯೋತ್ಸವದ ಕಾರ್ಯಕ್ರಮ ಇರ್ತಾವ. ಕನ್ನಡದ ಕೆಲಸದಾಗ ಕನ್ನಡ ಬರಿಯಾಕ ಪುರುಸೊತ್ತು ಎಲ್ಲಿ ಸಿಗತೈತ್ರಿ?” ಸಭೆ ಇದನ್ನು ಚಪ್ಪಾಳೆಯೊಂದಿಗೆ ಅಂಗೀಕರಿಸಿತು.

ನಂತರ ಗುರಿಗಳ ವಾಚನ. ಗಜಲ್ ಇಲ್ಲದೆ ನಮ್ಮಲ್ಲಿ ಯಾವ ಸಾಹಿತ್ಯ ಸಭೆಯೂ ಮುಗಿಯುವುದಿಲ್ಲ. ಗಜಲ್ ಕನ್ನಡದಲ್ಲಿ ಬೇರೂರಲು ದುಡಿದ, 2006ರ ಬೀದರ್ ಸಮ್ಮೇಳನದ ಅಧ್ಯಕ್ಷರಾಗಿದ್ದ ಶಾಂತರಸರು ಇದೇ ಜಿಲ್ಲೆಯ ಹೆಂಬೆರಳಿನವರು. ಅವರು ಉರ್ದುವಿನ ಒಳಹೊರಗನ್ನು ಅರಿತು ಬರೆದ ಪ್ರಕಾರವನ್ನು ನಾವು ಮೊಬೈಲಿನ ಕೀಲಿಮಣೆಯನ್ನಷ್ಟೇ ಅರಿತು ಮುಂದುವರಿಸುತ್ತಿದ್ದೇವೆ. ಯುವ ಮಿತ್ರರೊಬ್ಬರ ಗುರಿ ದಿನಕ್ಕೊಂದರಂತೆ 365 ಗಜಲ್. ಒಂದಕ್ಕೆ ಕನಿಷ್ಠ ಐದು ಶೇರ್ (ದ್ವಿಪದಿ) ಎಂದರೂ 1,825 ಶೇರ್ ಆಗುತ್ತದೆಂದು ಕಾರ್ಯದರ್ಶಿಗಳು ಅಲ್ಲೇ ಗುಣಿಸಿ ಬರೆದುಕೊಂಡು, ಅಧಿಕ ವರ್ಷ ಬಂದರೆ ಹೆಚ್ಚುವರಿ ಒಂದಕ್ಕೆ ಮಂಜೂರಾತಿ ಬೇಕಾಗುತ್ತದೆ ಎಂದು ಎಚ್ಚರಿಸಿದರು. ಕೊನೆಯ ಶೇರ್‌ನಲ್ಲಿ ತಖಲ್ಲುಸ್, ಅಂದರೆ ಕವಿಯ ಅಂಕಿತನಾಮ ಬರುವುದು ಗಜಲ್‌ನ ರೂಢಿ. ಹೀಗಾಗಿ ಈ ಯೋಜನೆಯಡಿ ನಮ್ಮ ಮಿತ್ರರು ತಮ್ಮ ಹೆಸರನ್ನು ತಾವೇ ವರ್ಷಕ್ಕೆ 365 ಸಲ ಕರೆದುಕೊಳ್ಳಲಿದ್ದಾರೆ. ಗಜಲ್ ಇನ್ನೂ ಒಂದೂ ಆಗಿಲ್ಲ. ತಖಲ್ಲುಸ್ ಮಾತ್ರ ರಬ್ಬರ್ ಸ್ಟಾಂಪಾಗಿ ಜೇಬಿನಲ್ಲಿತ್ತು, ಕೆಳಗೆ ಸಣ್ಣ ಅಕ್ಷರದಲ್ಲಿ ಮೊಬೈಲ್ ಸಂಖ್ಯೆಯ ಸಮೇತ.

ಕಾವ್ಯನಾಮದ ವ್ಯಾಮೋಹವನ್ನು ಹೊಸದೆಂದು ಬೈಯುವಂತೆಯೂ ಇಲ್ಲ. ದೇವಾನಾಂಪಿಯ, ಪಿಯದಸಿ ಎಂದೆಲ್ಲ ಬಂಡೆಗಳ ಮೇಲೆ ಬರೆಸಿಕೊಂಡ ದೊರೆ ನಮ್ಮ ಮಸ್ಕಿಯ ಬಂಡೆಯಲ್ಲಿ ಅಶೋಕ ಎಂಬ ನಿಜನಾಮವನ್ನು ಬಿಟ್ಟುಕೊಟ್ಟ. 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಅದು ಬೀಳುವವರೆಗೆ ಆ ಕೃತಿಗೆ ಬಿಡುಗಡೆ ಸಮಾರಂಭವಾಗಲಿ, ಮುಖ್ಯ ಅತಿಥಿಯಾಗಲಿ, ಮುನ್ನುಡಿಯಾಗಲಿ ಒದಗಿರಲಿಲ್ಲ. ನಮ್ಮ ನಮೂನೆಯಲ್ಲಿ ಆತನ ಪ್ರಗತಿ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಸೊನ್ನೆ.

ಸಿಂಧನೂರಿನಿಂದ ಬಂದಿದ್ದ ಹಿರಿಯರು ಪುಸ್ತಕದ ಗೋಜಿಗೇ ಹೋಗದೆ ನೇರವಾಗಿ ರಾಜ್ಯೋತ್ಸವ ಪ್ರಶಸ್ತಿಯನ್ನು ಭೌತಿಕ ಗುರಿಯ ಕಾಲಂನಲ್ಲಿ ಬರೆದಿದ್ದರು. ಅವರ ಗಣಿತ ಗಟ್ಟಿಯಾಗಿತ್ತು. ರಾಜ್ಯ ರೂಪುಗೊಂಡ ವರ್ಷಗಳ ಲೆಕ್ಕದಲ್ಲಿ ಪ್ರಶಸ್ತಿ ಕೊಡುವುದರಿಂದ 2023ರಲ್ಲಿ 68 ಇದ್ದವರು 2024ರಲ್ಲಿ 69 ಆದರು; ವರ್ಷಕ್ಕೊಂದು ಕುರ್ಚಿ ತಾನಾಗಿಯೇ ಹೆಚ್ಚುತ್ತದೆ; 2055ಕ್ಕೆ ನೂರು. ಆದ್ದರಿಂದ ಸಾಹಿತಿಯಾದವನು ಬರವಣಿಗೆಗಿಂತ ಆರೋಗ್ಯದ ಕಡೆ ಗಮನ ಕೊಡಬೇಕು ಎಂಬುದು ಅವರ ವಾದ. ಪ್ರಶಸ್ತಿಯೊಂದಿಗೆ 5 ಲಕ್ಷ ರೂಪಾಯಿ ಹಾಗೂ 25 ಗ್ರಾಂ ಬಂಗಾರ ಬರುತ್ತದೆ. ಪಕ್ಕದ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಒಂದು ಟನ್ ಅದಿರು ಪುಡಿ ಮಾಡಿದರೆ ಕೆಲವೇ ಗ್ರಾಂ ಬಂಗಾರ ಸಿಗುತ್ತದೆ. ನಮ್ಮ ಹಿರಿಯರದು ಅದಿರಿನ ಹಂಗೇ ಇಲ್ಲದ ಗಣಿಗಾರಿಕೆ.

ಪುಸ್ತಕ ಬರೆದೇ ತೀರುತ್ತೇನೆ ಎಂದು ಹಟ ಹಿಡಿದವರ ಗುರಿಗಳೂ ಇದ್ದವು, ಅವುಗಳ ಹಿಂದೆ ಒಂದು ಅರ್ಥಶಾಸ್ತ್ರವೂ ಇತ್ತು. ಗ್ರಂಥಾಲಯ ಇಲಾಖೆಯ ಏಕಗವಾಕ್ಷಿ ಯೋಜನೆಯಲ್ಲಿ ಆಯ್ಕೆಯಾದರೆ ಸುಮಾರು 300 ಪ್ರತಿಗಳನ್ನು ಇಲಾಖೆಯೇ ಕೊಳ್ಳುತ್ತದೆ. ಬೆಲೆ ಪುಟದ ಲೆಕ್ಕದಲ್ಲಿ. ಪುಟಕ್ಕಿಷ್ಟು ಎಂದು ಸರ್ಕಾರ ಹೇಳಿದ ಮೇಲೆ ಕವಿಯಾದವನು ಏನು ಮಾಡಬೇಕು? ಮೂರು ಸಾಲಿನ ಹನಿಗವನಕ್ಕೆ ಒಂದು ಪುಟ, ಅದರ ಎದುರಿಗೆ ಹಾರುವ ಕೊಕ್ಕರೆಯ ಚಿತ್ರಕ್ಕೆ ಒಂದು ಪುಟ, ಕವಿಯ ಪರಿಚಯಕ್ಕೆ ನಾಲ್ಕು ಪುಟ, ಶುಭಾಶಯಗಳಿಗೆ ಎಂಟು ಪುಟ. ಹಿಂದಿನವರು ಛಂದಸ್ಸಿನಲ್ಲಿ ಮಾತ್ರೆ ಎಣಿಸುತ್ತಿದ್ದರು, ನಾವು ಡಿಟಿಪಿಯವನ ಪಕ್ಕ ಕುಳಿತು ಪುಟ ಎಣಿಸುತ್ತೇವೆ. ಇತ್ತ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಂತೆ ಗ್ರಂಥಾಲಯ ಕರವನ್ನು ವಸೂಲು ಮಾಡಲಾಗುತ್ತದೆ. ಹೀಗಾಗಿ ನನ್ನ ಪುಸ್ತಕ ಗ್ರಂಥಾಲಯ ಸೇರದಿದ್ದರೂ ನನ್ನ ಹಣ ವರ್ಷ ತಪ್ಪದೆ ಅದರ ಹೆಸರಿನಲ್ಲಿ ಹೊರಡುತ್ತದೆ. ಅದು ತಲುಪಬೇಕಾದಲ್ಲಿಗೆ ತಲುಪುತ್ತದೆಯೇ ಎಂದು ಸ್ಥಳೀಯ ಸಂಸ್ಥೆಗಳನ್ನು ಕೇಳಬೇಕು. ನನ್ನ ಮೊದಲ ಸಂಕಲನದ 500 ಪ್ರತಿಗಳಲ್ಲಿ ಮುನ್ನೂರಕ್ಕೂ ಹೆಚ್ಚು ನಮ್ಮ ಮನೆಯ ಅಟ್ಟದಲ್ಲಿ ಜೋಳದ ಚೀಲಗಳ ಪಕ್ಕದಲ್ಲಿವೆ. ಪ್ರತಿ ಬೇಸಿಗೆಯಲ್ಲಿ ನಮ್ಮ ಮನೆಯವರು ಜೋಳಕ್ಕೆ ಬೇವಿನ ಎಲೆ ಹಾಕುವಾಗ ಕಟ್ಟುಗಳ ನಡುವೆಯೂ ಎರಡು ಹಿಡಿ ಉದುರಿಸುತ್ತಾರೆ. ನನ್ನ ಕಾವ್ಯಕ್ಕೆ ಈವರೆಗೆ ನಿಯಮಿತವಾಗಿ ದೊರೆತ ಏಕೈಕ ಪ್ರೋತ್ಸಾಹ ಅದು.

ಮಧ್ಯಾಹ್ನದ ಹೊತ್ತಿಗೆ ಬಳ್ಳಾರಿಯ ಮಾತು ಬಂದಿತು. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ ನಡೆದ 87ನೆಯ ಸಾಹಿತ್ಯ ಸಮ್ಮೇಳನದಲ್ಲಿ ಮುಂದಿನ ಸರದಿ ಬಳ್ಳಾರಿಯದು ಎಂದು ಘೋಷಣೆಯಾದಂದಿನಿಂದ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳ ಕವಿಗಳು ಕವಿಗೋಷ್ಠಿಯ ಐದು ನಿಮಿಷಕ್ಕಾಗಿ ಪರಸ್ಪರ ಮುನಿಸಿಕೊಂಡಿದ್ದಾರೆ. 1926ರಲ್ಲಿ ಅದೇ ಬಳ್ಳಾರಿಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದವರು ವಚನಗಳ ತಾಳೆಗರಿ ಹುಡುಕುತ್ತ ಊರೂರು ಅಲೆದ ಫ.ಗು. ಹಳಕಟ್ಟಿಯವರು, ಅವರ ಆರ್ಥಿಕ ಗುರಿಯ ಕಾಲಂ ನೋಡಿದ್ದರೆ ನಮ್ಮ ಕಾರ್ಯದರ್ಶಿಗಳು ಕಾರಣ ಕೇಳಿ ನೋಟಿಸ್ ಕೊಡುತ್ತಿದ್ದರು. ಗೋಷ್ಠಿಯಲ್ಲಿ ಜಾಗ ಸಿಗದವರಿಗೂ ನಿರಾಶೆ ಬೇಡ, ಸರ್ಕಾರಿ ನೌಕರರಿಗೆ ಓಓಡಿ, ಅಂದರೆ ಅನ್ಯ ಕಾರ್ಯ ನಿಮಿತ್ತದ ರಜೆಯಂತೂ ಇದೆ. 2016ರಲ್ಲಿ ನಮ್ಮ ರಾಯಚೂರಿನಲ್ಲಿ ಸಮ್ಮೇಳನ ನಡೆದಾಗ ನಾನು ಕಂಡ ಅತಿ ಉದ್ದದ ಸರದಿ ಊಟದ್ದೂ ಅಲ್ಲ, ಪುಸ್ತಕ ಮಳಿಗೆಯದೂ ಅಲ್ಲ, ಹಾಜರಾತಿ ಪ್ರಮಾಣಪತ್ರದ್ದು. ಈ ಬಾರಿ ಇಬ್ಬರು ತಮ್ಮ ಭೌತಿಕ ಗುರಿಯಲ್ಲಿ “ಓಓಡಿ, 3 ದಿನ” ಎಂದು ಪ್ರಾಮಾಣಿಕವಾಗಿ ಬರೆದಿದ್ದರು. ನಿರ್ದಿಷ್ಟ, ಅಳತೆಗೆ ಸಿಗುವ, ಕೈಗೂಡುವ, ಕಾಲಮಿತಿಯುಳ್ಳ ಗುರಿ ಎಂದರೆ ಇದೇ ಎಂದು ತರಬೇತುದಾರರು ಅವರನ್ನು ಎದ್ದು ನಿಲ್ಲಿಸಿ ಅಭಿನಂದಿಸಿದರು.

ಕಡೆಗೆ ಕಾರ್ಯದರ್ಶಿಗಳು ನನ್ನ ಕುರ್ಚಿಯ ಬಳಿ ಬಂದರು. “ನಿಮ್ಮದೊಂದ ಬಾಕಿ ಐತ್ರಿ ಸರ” ಎಂದರು. ನಾನು ಭೌತಿಕ ಗುರಿಯ ಕಾಲಂನಲ್ಲಿ “ಅರ್ಧಕ್ಕೆ ನಿಂತಿರುವ ಕತೆಯೊಂದನ್ನು ಮುಗಿಸುವುದು” ಎಂದು ಬರೆದುಕೊಟ್ಟೆ. ಅವರು ಕನ್ನಡಕ ಸರಿಪಡಿಸಿಕೊಂಡು ಓದಿ, ಕೆಂಪು ಪೆನ್ನಿನಿಂದ ಅದನ್ನು ಹೊಡೆದುಹಾಕಿದರು. ಇದು ಹಿಂದಿನ ಸಾಲಿನ ಮುಂದುವರಿದ ಕಾಮಗಾರಿಯಾದ್ದರಿಂದ ಹೊಸ ಗುರಿಯಲ್ಲಿ ಸೇರಿಸಲು ಬರುವುದಿಲ್ಲ, ವಿಳಂಬಕ್ಕೆ ಕಾರಣವನ್ನಾದರೂ ತುಂಬಿಕೊಡಿ ಎಂದರು. ನನಗೂ ಹಸಿವಾಗಿತ್ತು. ಇದ್ದುದನ್ನು ಇದ್ದ ಹಾಗೆಯೇ ಬರೆದೆ: “ಕತೆಯಲ್ಲಿನ ಮುದುಕಿ ದೇವದುರ್ಗದ ಬಸ್ಸು ಹತ್ತಿ ಎರಡು ವರ್ಷವಾಯಿತು, ಇನ್ನೂ ಇಳಿದಿಲ್ಲ.”

ಕಾರ್ಯದರ್ಶಿಗಳು ಅದನ್ನು ಎರಡು ಸಲ ಓದಿದರು. ಆಮೇಲೆ ಷರಾ ಕಾಲಂನ ಮೇಲೆ ಪೆನ್ನು ಹಿಡಿದು, ಬಹಳ ಗಂಭೀರವಾಗಿ ಕೇಳಿದರು: “ಯಾವ ಡಿಪೊದ ಗಾಡೀರಿ ಅದು?”