ಹಿಮಕ್ಕಿರುವ ಮರ್ಯಾದೆ ಚಳಿಗಿಲ್ಲ

ಹವಾಮಾನ ವಿಪರೀತವಾದಾಗ ಪಂದ್ಯವನ್ನು ಮುಂದೂಡಬೇಕೆ, ಬೇಡವೆ ಎಂಬುದನ್ನು ಹೆಲ್ಮೆಟ್ ತೊಟ್ಟು, ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಅಮೆರಿಕನ್ ಫುಟ್‌ಬಾಲಿನ ನ್ಯಾಷನಲ್ ಫುಟ್‌ಬಾಲ್ ಲೀಗ್ ಪ್ರತಿ ಚಳಿಗಾಲದಲ್ಲೂ ಬಹು ಗಂಭೀರವಾಗಿ ಆಲೋಚಿಸುತ್ತದೆ. ಆಲೋಚಿಸಿದ ಮೇಲೆ ಅದು ಕೈಗೊಂಡ ತೀರ್ಮಾನಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ, ಲೀಗ್ ಒಂದು ಸೂಕ್ಷ್ಮವಾದ ಶಾಸ್ತ್ರವನ್ನೇ ಕಟ್ಟಿಕೊಂಡಿದೆ ಎಂಬುದು ತಿಳಿಯುತ್ತದೆ. ಆ ಶಾಸ್ತ್ರದ ಪ್ರಕಾರ ಹಿಮ ಬೇರೆ, ಚಳಿ ಬೇರೆ. ಹಿಮ ರಸ್ತೆಯನ್ನು ಮುಚ್ಚುತ್ತದೆ, ವಿಮಾನವನ್ನು ತಡೆಯುತ್ತದೆ, ಆಟಗಾರರ ಬಸ್ಸನ್ನು ನಿಲ್ಲಿಸುತ್ತದೆ. ಆದ್ದರಿಂದ ಹಿಮಕ್ಕೆ ಮರ್ಯಾದೆ ಉಂಟು. ಚಳಿ ಮನುಷ್ಯನ ಬೆರಳನ್ನು ಮಾತ್ರ ತೆಗೆದುಕೊಳ್ಳುತ್ತದೆ. ಅಷ್ಟಕ್ಕೆಲ್ಲ ಟಿವಿಯ ವೇಳಾಪಟ್ಟಿಯನ್ನು ಬದಲಾಯಿಸಲು ಆದೀತೆ?

2024ರ ಜನವರಿಯ ಒಂದೇ ವಾರಾಂತ್ಯದಲ್ಲಿ ಈ ಶಾಸ್ತ್ರದ ಎರಡು ಅಧ್ಯಾಯಗಳೂ ಸೋದಾಹರಣವಾಗಿ ಪ್ರಕಟವಾದವು. ಬಫಲೋ ಬಿಲ್ಸ್ ಮತ್ತು ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡಗಳ ಪ್ಲೇ-ಆಫ್ ಪಂದ್ಯ ನ್ಯೂಯಾರ್ಕ್ ರಾಜ್ಯದ ಬಫಲೋ ಪ್ರದೇಶದಲ್ಲಿ ಜನವರಿ 14ರ ಭಾನುವಾರ ನಡೆಯಬೇಕಿತ್ತು. ಬಿರುಗಾಳಿಯೊಡನೆ ಹಿಮ ಸುರಿಯತೊಡಗಿ, ವಾಹನ ಸಂಚಾರಕ್ಕೆ ನಿಷೇಧ ಬಂದು, ಆ ರಾಜ್ಯದ ಗವರ್ನರ್ ಕ್ಯಾಥಿ ಹೋಕಲ್ ಅವರು ಪಂದ್ಯವನ್ನು ಸೋಮವಾರ ಸಂಜೆಗೆ ಮುಂದೂಡಿರುವುದಾಗಿ ಪ್ರಕಟಿಸಿದರು. ವಿವೇಕದ ನಿರ್ಧಾರವೇ, ಅದರಲ್ಲಿ ನಗುವಂಥದ್ದೇನೂ ಇಲ್ಲ. ನಗು ಬರುವುದು ಆಮೇಲಿನದಕ್ಕೆ. ಕೋಟ್ಯಂತರ ಡಾಲರ್ ಬೆಲೆಬಾಳುವ ಬಿಲ್ಸ್ ತಂಡವು ಗಂಟೆಗೆ 20 ಡಾಲರ್ ಕೂಲಿ ಮತ್ತು ಊಟ ಕೊಡುತ್ತೇವೆ, ಬಂದು ಹಿಮ ತೆಗೆಯಿರಿ ಎಂದು ಊರವರನ್ನು ಕರೆಯಿತು. ಸೋಮವಾರ ಟಿಕೆಟ್ ಹಿಡಿದು ಒಳಹೊಕ್ಕವರಿಗೆ ಸಾಲುಸಾಲು ಸೀಟುಗಳು ಇನ್ನೂ ಹಿಮದಡಿಯಲ್ಲೇ ಇರುವುದು ಕಾಣಿಸಿತು. ಅವರು ತಮ್ಮ ಸೀಟನ್ನು ಕೈಯಿಂದ, ಕಾಲಿನಿಂದ ಅಗೆದು ತೆಗೆದು ಅದರ ಮೇಲೆ ಕುಳಿತರು. ಅಗೆಯುವವನಿಗೆ ಕೂಲಿ ಕೊಡುವುದು ಲೋಕರೂಢಿ. ಅಗೆಯುವವನಿಂದಲೇ ಹಣ ಪಡೆಯುವ ವಿದ್ಯೆ ಈ ಲೀಗಿಗೆ ಮಾತ್ರ ಸಿದ್ಧಿಸಿದೆ.

ಇದಕ್ಕೆ ಎರಡು ದಿನ ಮೊದಲು, ಶನಿವಾರ ರಾತ್ರಿ, ಕ್ಯಾನ್ಸಸ್ ಸಿಟಿಯಲ್ಲಿ ಚೀಫ್ಸ್ ತಂಡ ಮಯಾಮಿ ಡಾಲ್ಫಿನ್ಸ್ ತಂಡವನ್ನು ಎದುರಿಸಿತು. ಆಟ ಆರಂಭವಾದಾಗ ಉಷ್ಣಾಂಶ ಶೂನ್ಯಕ್ಕಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿತ್ತು. ಗಾಳಿಯನ್ನೂ ಸೇರಿಸಿ ಲೆಕ್ಕ ಹಾಕಿದರೆ ಮೈಗೆ ತಾಗುತ್ತಿದ್ದ ಚಳಿ ಶೂನ್ಯಕ್ಕಿಂತ 33 ಡಿಗ್ರಿ ಕೆಳಗಿನದು. ಆದರೆ ರಸ್ತೆಗಳು ತೆರೆದಿದ್ದವು. ರಸ್ತೆ ತೆರೆದಿರುವಾಗ ಅಪಾಯವೆಲ್ಲಿಂದ ಬರಬೇಕು? ಪಂದ್ಯ ನಡೆಯಿತು. ಚೀಫ್ಸ್ ಕೋಚ್ ಆಂಡಿ ರೀಡ್ ಅವರ ಮೀಸೆಯ ಮೇಲೆ ಮಂಜುಗಡ್ಡೆ ಕಟ್ಟಿದ್ದನ್ನು ಕ್ಯಾಮೆರಾಗಳು ಹತ್ತಿರದಿಂದ ತೋರಿಸಿದವು, ನೋಡಿದವರು ಮೆಚ್ಚಿ ನಕ್ಕರು.

ಆ ರಾತ್ರಿಯ ನಿಜವಾದ ಕಥಾನಾಯಕ ಮಾತ್ರ ಒಂದು ಹೆಲ್ಮೆಟ್. ಚೀಫ್ಸ್‌ನ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡೆಸೆದು ತಂಡದ ದಾಳಿಯನ್ನು ನಡೆಸುವ ಆಟಗಾರ, ಪ್ಯಾಟ್ರಿಕ್ ಮಹೋಮ್ಸ್ ಎದುರಾಳಿಗೆ ಡಿಕ್ಕಿ ಹೊಡೆದಾಗ ಅವರ ಹೆಲ್ಮೆಟ್ ಒಡೆದು ಒಂದು ಚೂರು ಹಾರಿಹೋಯಿತು. ಬದಲಿ ಹೆಲ್ಮೆಟ್ ತಂದರೆ, ಅದು ಹೊರಗೇ ಇದ್ದದ್ದರಿಂದ ಸೆಟೆದು ತಲೆಗೆ ಇಳಿಯದಂತಾಗಿತ್ತು. ಅದನ್ನು ಬೆಚ್ಚಗೆ ಮಾಡಿಯೇ ತೊಡಬೇಕಾಯಿತು. ಬದಲಿ ಹೆಲ್ಮೆಟ್ಟನ್ನು ಎಲ್ಲಿ ಇಡಬೇಕೆಂಬುದರ ಬಗ್ಗೆ ಮಾತನಾಡಬೇಕಿದೆ ಎಂದು ಮಹೋಮ್ಸ್ ಆಮೇಲೆ ಹೇಳಿದರು. ನ್ಯಾಯವಾದ ಮಾತು. ಪ್ಲಾಸ್ಟಿಕ್ಕಿಗೆ ಈ ಚಳಿ ಹಿತವಲ್ಲ ಎಂಬುದು ಹೀಗೆ ಅಧಿಕೃತವಾಗಿ ಸಾಬೀತಾಯಿತು. ಕೆಲವು ವಾರಗಳ ಬಳಿಕ ಕ್ಯಾನ್ಸಸ್ ಸಿಟಿಯ ಆಸ್ಪತ್ರೆಯೊಂದು, ಆ ಚಳಿಯಲ್ಲಿ ಹಿಮಗಡಿತಕ್ಕೆ, ಅಂದರೆ ಚಳಿಗೆ ಚರ್ಮ ಮಾಂಸ ಹೆಪ್ಪುಗಟ್ಟಿ ಸಾಯುವುದಕ್ಕೆ, ಸಿಕ್ಕಿ ತನ್ನಲ್ಲಿಗೆ ಬಂದ ರೋಗಿಗಳಲ್ಲಿ ಹಲವರ ಬೆರಳುಗಳನ್ನು ಕತ್ತರಿಸಬೇಕಾಯಿತೆಂದೂ ಅವರಲ್ಲಿ ಈ ಪಂದ್ಯಕ್ಕೆ ಹೋಗಿದ್ದವರೂ ಇದ್ದರೆಂದೂ ತಿಳಿಸಿತು. ಬೆರಳುಗಳಿಗೆ ಬದಲಿ ಇರಲಿಲ್ಲವಾದ್ದರಿಂದ ಅವುಗಳನ್ನು ಎಲ್ಲಿ ಇಡಬೇಕೆಂಬ ಚರ್ಚೆ ನಡೆಯಲಿಲ್ಲ.

ಮಿಂಚು ಕಂಡರೆ ಇದೇ ಲೀಗ್ ಆಟವನ್ನು ತಟ್ಟನೆ ನಿಲ್ಲಿಸಿ ಎಲ್ಲರನ್ನೂ ಒಳಗೆ ಕಳಿಸುತ್ತದೆ ಎಂಬುದನ್ನೂ ಹೇಳಬೇಕು. ಮಿಂಚಿಗೆ ಸಂಕೋಚವಿಲ್ಲ, ಅದು ಕ್ಯಾಮೆರಾದ ಎದುರಿಗೇ ಕೊಲ್ಲುತ್ತದೆ. ಚಳಿ ಸಭ್ಯ. ಅದು ಪ್ರೇಕ್ಷಕನನ್ನು ಮನೆಗೆ ಹೋಗಲು ಬಿಟ್ಟು, ನಾಲ್ಕಾರು ವಾರ ಕಾದು, ಪ್ರಸಾರವೆಲ್ಲ ಮುಗಿದ ಮೇಲೆ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ತನ್ನ ಬಾಕಿಯನ್ನು ವಸೂಲು ಮಾಡಿಕೊಳ್ಳುತ್ತದೆ.

ಹಾಗಾದರೆ ಮನೆಯಲ್ಲೇ ಕುಳಿತು ನೋಡಬಹುದಿತ್ತಲ್ಲ ಎಂದು ಯಾರಾದರೂ ಕೇಳಿಯಾರು. ಕ್ಯಾನ್ಸಸ್ ಸಿಟಿಯ ಆ ಪಂದ್ಯ ಎರಡೂ ತಂಡಗಳ ಊರುಗಳನ್ನು ಬಿಟ್ಟರೆ ಉಳಿದ ದೇಶಕ್ಕೆಲ್ಲ ‘ಪೀಕಾಕ್’ ಎಂಬ ಚಂದಾ ಸೇವೆಯಲ್ಲಿ ಮಾತ್ರ ಲಭ್ಯವಿತ್ತು. ಅದರ ಹಕ್ಕಿಗೆ ಸುಮಾರು 11 ಕೋಟಿ ಡಾಲರ್ ಸಂದಾಯವಾಯಿತೆಂದು ಪತ್ರಿಕೆಗಳು ವರದಿ ಮಾಡಿದ್ದವು. ಅಂಥ ಶನಿವಾರ ರಾತ್ರಿಯನ್ನು ಭಾನುವಾರ ಮಧ್ಯಾಹ್ನದ ಬಿಸಿಲಿಗೆ ಬದಲಾಯಿಸಿರೆಂದು ಕೇಳುವುದಕ್ಕೆ ಯಾವ ಥರ್ಮಾಮೀಟರಿಗೆ ಧೈರ್ಯವಿದ್ದೀತು?

ಮುಂದೂಡಿದರೂ ಬೈಗುಳ ತಪ್ಪುವುದಿಲ್ಲ ಎಂಬುದನ್ನು ಲೀಗಿನ ಪರವಾಗಿ ಒಪ್ಪಿಕೊಳ್ಳೋಣ. 2010ರ ಡಿಸೆಂಬರ್ 26ರಂದು ಫಿಲಡೆಲ್ಫಿಯಾದಲ್ಲಿ ಭಾರಿ ಹಿಮಪಾತದ ಕಾರಣ ಈಗಲ್ಸ್ ಮತ್ತು ಮಿನೆಸೋಟ ವೈಕಿಂಗ್ಸ್ ಪಂದ್ಯವನ್ನು ಭಾನುವಾರದಿಂದ ಮಂಗಳವಾರಕ್ಕೆ ಒಯ್ದಾಗ, ಪೆನ್ಸಿಲ್ವೇನಿಯಾದ ಗವರ್ನರ್ ಎಡ್ ರೆಂಡೆಲ್ ಕೆಂಡಾಮಂಡಲವಾದರು. ನಾವು ಪುಕ್ಕಲರ ದೇಶವಾಗಿಬಿಟ್ಟಿದ್ದೇವೆ, ಇದೇ ಚೀನಾದಲ್ಲಾಗಿದ್ದರೆ ಜನ ಹಿಮದಲ್ಲಿ ನಡೆದೇ ಕ್ರೀಡಾಂಗಣಕ್ಕೆ ಹೋಗುತ್ತಿದ್ದರು, ಹೋಗುವಾಗ ದಾರಿಯುದ್ದಕ್ಕೂ ಕ್ಯಾಲ್ಕುಲಸ್ ಲೆಕ್ಕ ಬಿಡಿಸುತ್ತಿದ್ದರು ಎಂಬರ್ಥದ ಮಾತುಗಳನ್ನಾಡಿದರು. ನಗರದಲ್ಲಿ ಹಿಮ ತುರ್ತುಸ್ಥಿತಿ ಜಾರಿಯಲ್ಲಿದ್ದಾಗ, ರಸ್ತೆಗಿಳಿಯಬೇಡಿ ಎನ್ನಬೇಕಾದ ಸ್ಥಾನದಲ್ಲಿದ್ದವರು ಇಳಿಯದವರನ್ನು ಹೇಡಿಗಳೆಂದರು. ನಾಲ್ಕು ಹನಿ ಬಿದ್ದೊಡನೆ ಕವರ್ ಎಳೆಯುವ ಕ್ರಿಕೆಟ್ಟನ್ನು ನೋಡಿ ಬೆಳೆದ ನಮ್ಮಂಥವರಿಗೆ ಈ ಪರಾಕ್ರಮ ಬೇಗ ಅರ್ಥವಾಗುವುದಿಲ್ಲ.

ಪಾಪದವರು ಆ ವೈಕಿಂಗ್ಸ್. ಅದೇ ಡಿಸೆಂಬರ್ 12ರಂದು ಅವರ ಸ್ವಂತ ಕ್ರೀಡಾಂಗಣವಾದ ಮೆಟ್ರೊಡೋಮ್‌ನ ಬಟ್ಟೆಯ ಚಾವಣಿ ಹಿಮದ ಭಾರಕ್ಕೆ ಹರಿದು ಕುಸಿದುಬಿದ್ದಿತ್ತು. ಒಂದು ಪಂದ್ಯವನ್ನು ಡೆಟ್ರಾಯಿಟ್‌ಗೆ ಹೋಗಿ ಆಡಿದರು. ಮುಂದಿನದನ್ನು ಮಿನಿಯಾಪೊಲಿಸ್‌ನಲ್ಲೇ ವಿಶ್ವವಿದ್ಯಾಲಯದ ಬಯಲು ಮೈದಾನದಲ್ಲಿ ಹಿಮ ಬೀಳುತ್ತಿರುವಾಗ ಆಡಿದರು. ಅದರ ಮುಂದಿನದಕ್ಕೆ ಫಿಲಡೆಲ್ಫಿಯಾದಲ್ಲಿ ಮಂಗಳವಾರದವರೆಗೆ ಕಾದರು. ಸ್ಥಳಾಂತರ, ಸಹನೆ, ಮುಂದೂಡಿಕೆ ಎಂಬ ಮೂರೂ ಪರಿಹಾರಗಳನ್ನು ಒಂದೇ ತಂಡದ ಮೇಲೆ ಹದಿನೈದು ದಿನಗಳೊಳಗೆ ಪ್ರಯೋಗಿಸಿದ ಮೇಲೂ ಲೀಗಿಗೆ ಒಂದು ನಿಯಮ ಹೊಳೆಯಲಿಲ್ಲ. ಕಾದು ಕುಳಿತವರೇ ಆ ಮಂಗಳವಾರ 24–14ರಿಂದ ಗೆದ್ದರೆಂಬುದು ಬೇರೆ ಮಾತು.

ಚಳಿಯನ್ನು ಲೀಗ್ ಕೈಬಿಡದಿರುವುದಕ್ಕೆ ಇನ್ನೊಂದು ಕಾರಣ, ಅದು ಹಳೆಯದಾದಷ್ಟೂ ಬೆಲೆ ಏರುತ್ತದೆ. 1967ರ ಡಿಸೆಂಬರ್ 31ರಂದು ಗ್ರೀನ್ ಬೇಯಲ್ಲಿ ಪ್ಯಾಕರ್ಸ್ ಮತ್ತು ಡಲ್ಲಾಸ್ ಕೌಬಾಯ್ಸ್ ಶೂನ್ಯಕ್ಕಿಂತ 25 ಡಿಗ್ರಿ ಕೆಳಗಿನ ಚಳಿಯಲ್ಲಿ ಆಡಿದ ಪಂದ್ಯ ‘ಐಸ್ ಬೌಲ್’ ಎಂಬ ಹೆಸರಿನಲ್ಲಿ ಇಂದಿಗೂ ಪುರಾಣದಂತೆ ಪಾರಾಯಣವಾಗುತ್ತಿದೆ. ಶಿಳ್ಳೆ ರೆಫ್ರಿಯ ತುಟಿಗೆ ಹೆಪ್ಪುಗಟ್ಟಿ ಅಂಟಿಕೊಂಡಿತು. ಆಮೇಲೆ ರೆಫ್ರಿಗಳು ಕೂಗಿಯೇ ಆಟ ನಡೆಸಿದರು. ಹುಲ್ಲು ಹೆಪ್ಪುಗಟ್ಟದಿರಲೆಂದು ನೆಲದಡಿಯಲ್ಲಿ ವಿದ್ಯುತ್ ತಂತಿ ಹಾಸಿದ್ದರು. ಅದೂ ಅಂದು ಕೈಕೊಟ್ಟಿತು. ಆದರೆ ಪಾಠವನ್ನು ಲೀಗ್ ಮರೆಯಲಿಲ್ಲ. ಇಂದು ಗ್ರೀನ್ ಬೇಯಲ್ಲಿ ಹುಲ್ಲು ಬೆಚ್ಚಗಿದೆ, ಚಳಿಯೂರುಗಳಲ್ಲಿ ಆಟಗಾರರ ಬೆಂಚೂ ಬೆಚ್ಚಗಿದೆ, ಮಾಲೀಕರ ಗಾಜಿನ ಕೋಣೆಯಂತೂ ಬೆಚ್ಚಗಿರುವುದಕ್ಕೇ ಕಟ್ಟಿದ್ದು. ಬಫಲೋದಲ್ಲಿ 2026ರ ಋತುವಿಗೆಂದು ಕಟ್ಟಿದ ಹೊಸ ಕ್ರೀಡಾಂಗಣಕ್ಕೆ ತೆರಿಗೆದಾರರ 85 ಕೋಟಿ ಡಾಲರ್ ಹೋಗಿದೆ. ನೆಲದಡಿಯ ಶಾಖ ಅಲ್ಲಿಯೂ ಉಂಟು, ಪೂರ್ತಿ ಚಾವಣಿ ಮಾತ್ರ ಇಲ್ಲ. ತೆರಿಗೆ ಕಟ್ಟಿದವರಲ್ಲಿ ಒಂದು ಪಾಲು ಜನ ಆಕಾಶದಡಿಯಲ್ಲೇ ಕೂರಬೇಕು.

ಆದ್ದರಿಂದ ನನ್ನದೊಂದು ವಿನಮ್ರ ಸಲಹೆ. ಚಳಿಯ ದಿನ ಪಂದ್ಯ ನಡೆಸುವ ಆದೇಶವನ್ನು ನ್ಯೂಯಾರ್ಕ್‌ನ ಕಚೇರಿಯಲ್ಲಿ ಹೊರಡಿಸುವ ಬದಲು, ಲೀಗಿನ ಆಯುಕ್ತರು ಆಯಾ ಕ್ರೀಡಾಂಗಣದ ತುದಿಯ ಸಾಲಿನಲ್ಲಿ, ಗಾಳಿಗೆ ಮುಖ ಕೊಟ್ಟು ಒಂದು ಗಂಟೆ ಕುಳಿತು, ಬಳಿಕ ಕೈಗವಸು ಕಳಚಿ ಅಲ್ಲಿಯೇ ಅದಕ್ಕೆ ಸಹಿ ಹಾಕಲಿ. ಸಹಿಯನ್ನು ಓದಲು ಬಂದರೆ ಪಂದ್ಯ ನಡೆಯಲಿ.