ಅಧ್ಯಕ್ಷರಿಗೆ ಎಷ್ಟು ಪಿಕ್ಸೆಲ್?

ಕರಾವಳಿಯಲ್ಲಿ ಬ್ರಹ್ಮಕಲಶೋತ್ಸವವೆಂದರೆ ಮೊದಲು ಸಮಿತಿ, ಆಮೇಲೆ ಕಲಶ. ಉಡುಪಿಯ ಸಮೀಪದ ನಮ್ಮೂರ ದೇವಸ್ಥಾನದಲ್ಲಂತೂ ಮುಖ್ಯ ಸಮಿತಿಯೊಳಗೆ ಊರ ಸಮಿತಿ, ಅದರೊಳಗೆ ಅನ್ನಸಂತರ್ಪಣೆ ಸಮಿತಿ, ಅದರೊಳಗೆ ಬಡಿಸುವವರ ತಂಡ. ಇವರೆಲ್ಲರ ಹೆಸರನ್ನು ಜಾಲಪುಟಕ್ಕೆ ಏರಿಸಿದ ಹುಡುಗ ಕೆಲಸ ಸಿಕ್ಕಿ ದುಬೈಗೆ ಹಾರಿದ. ಅಧ್ಯಕ್ಷರು ಆ ಪುಟವನ್ನು ಕನ್ನಡಕ ಹಾಕಿಕೊಂಡು ನೋಡಿದ್ದು ಅವನು ಹೋದ ಮೇಲೆ.

"ಮುಂಬೈ ಸಮಿತಿಯವರ ಹೆಸರು ನನ್ನದಕ್ಕಿಂತ ದೊಡ್ಡದಿದೆಯಲ್ಲ ಮಾರಾಯರೇ! ಸ್ವಲ್ಪ ಸರಿಮಾಡಿ ಕೊಡಿ."

ನನಗೆ ಕಂಪ್ಯೂಟರ್ ಗೊತ್ತಿದೆ ಎಂಬ ಅಪವಾದ ಊರಿನಲ್ಲಿ ಹಳೆಯದು.

ಮುಂಬೈಯವರ ಪಟ್ಟಿ ವಾಟ್ಸಾಪ್‌ನಲ್ಲಿ ವರ್ಡ್ ಕಡತವಾಗಿ ಬಂದಿತ್ತು. ಹುಡುಗ ಅದನ್ನು ಹಾಗೆಯೇ ನಕಲು ಮಾಡಿ ಅಂಟಿಸಿದ್ದ. ವರ್ಡ್‌ನಿಂದ ಅಕ್ಷರಗಳು ಬರಿಗೈಯಲ್ಲಿ ಬರುವುದಿಲ್ಲ, ಗಾತ್ರವನ್ನೂ ಕಟ್ಟಿಕೊಂಡೇ ಬರುತ್ತವೆ. ಅಲ್ಲಿನ 18 ಪಾಯಿಂಟ್ ಜಾಲಪುಟದಲ್ಲಿ 24 ಪಿಕ್ಸೆಲ್. ಅಧ್ಯಕ್ಷರಿಗೆ ಯಾರೂ ಗಾತ್ರ ಹೇಳಿರಲಿಲ್ಲವಾದ್ದರಿಂದ ಬ್ರೌಸರ್ ತನ್ನ ರೂಢಿಯ 16 ಪಿಕ್ಸೆಲ್ಲನ್ನೇ ಕೊಟ್ಟಿತ್ತು. ಸಾಲದ್ದಕ್ಕೆ ಸಾಲಿನ ಎತ್ತರ 20 ಪಿಕ್ಸೆಲ್ಲಿಗೆ ಬಿಗಿದುಕೊಂಡಿತ್ತು. ಮುಂಬೈಯ ಕೃಷ್ಣರ ಒತ್ತಕ್ಷರಗಳು ಕೆಳಗಿನ ಸಾಲಿನವರ ನೆತ್ತಿಯ ಮೇಲೆ ಕಾಲಿಟ್ಟು ನಿಂತಿದ್ದವು.

ನಿಜವಾದ ಅನ್ಯಾಯ ಅದಕ್ಕಿಂತ ಕೆಳಗಿತ್ತು, ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪಟ್ಟಿಯೊಳಗಿನ ಪಟ್ಟಿಗೆ ಹುಡುಗ ಅಕ್ಷರದ ಗಾತ್ರ 0.8 ಎಮ್, ಅಂದರೆ ಹೊರಗಿನ ಪಟ್ಟಿಯ ಹತ್ತರಲ್ಲಿ ಎಂಟು ಪಾಲು, ಎಂದು ಬರೆದಿದ್ದ. ಈ ಎಮ್ ಎಂಬುದು ತನ್ನನ್ನು ಹೊತ್ತಿರುವವರ ಗಾತ್ರವನ್ನು ನೋಡಿ ತನ್ನ ಗಾತ್ರ ನಿರ್ಧರಿಸುತ್ತದೆ. ಮುಖ್ಯ ಸಮಿತಿ 16 ಇದ್ದರೆ ಊರ ಸಮಿತಿ 12.8, ಅನ್ನಸಂತರ್ಪಣೆಯವರು 10.24, ಬಡಿಸುವವರು ಸುಮಾರು 8. ಬಿಸಿಲಲ್ಲಿ ಸಾರಿನ ಬಕೆಟ್ ಹಿಡಿದು ಪಂಕ್ತಿಯಿಂದ ಪಂಕ್ತಿಗೆ ಓಡುವವರು ಪರದೆಯ ಮೇಲೆ ಸಾಸಿವೆ ಕಾಳಾಗಿದ್ದರು. ಆಮಂತ್ರಣ ಪತ್ರಿಕೆಗಳಲ್ಲಿ ನಾವು ಕೈಯಾರೆ ಮಾಡುವುದನ್ನು ಇಲ್ಲಿ ಗಣಿತ ತಾನಾಗಿಯೇ ಮಾಡಿತ್ತು, ಅಷ್ಟೇ.

ವರ್ಡ್‌ನಿಂದ ಬಂದ ಅಲಂಕಾರವನ್ನೆಲ್ಲ ಕಿತ್ತು, ಎಮ್ ಇದ್ದಲ್ಲಿ 1 ರೆಮ್ ಹಾಕಿ, ಸಾಲಿನ ಎತ್ತರಕ್ಕೆ ಪಿಕ್ಸೆಲ್ ಬಿಟ್ಟು 1.6 ಎಂದಷ್ಟೇ, ಅಂದರೆ ಅಕ್ಷರದ ಗಾತ್ರದ 1.6 ಪಟ್ಟು ಎಂದು, ಬರೆದೆ. ರೆಮ್ ನಡುವಿನ ಸಮಿತಿಗಳನ್ನು ಲೆಕ್ಕಕ್ಕೇ ಇಡುವುದಿಲ್ಲ. ನೇರ ಪುಟದ ಬೇರಿಗೇ ಹೋಗಿ ಗಾತ್ರ ಕೇಳುತ್ತದೆ. ಎಲ್ಲರೂ 16 ಆದರು. ಒತ್ತಕ್ಷರಗಳು ಪಕ್ಕದವರ ತಂಟೆಗೆ ಹೋಗುವುದನ್ನು ಬಿಟ್ಟವು.

ಅಧ್ಯಕ್ಷರು ಮೊಬೈಲನ್ನು ಹತ್ತಿರ ಹಿಡಿದರು, ದೂರ ಹಿಡಿದರು. "ಈಗ ಎಲ್ಲ ಒಂದೇ ಆಯಿತಲ್ಲ," ಎಂದರು. ಇದು ಮೆಚ್ಚುಗೆಯಲ್ಲ ಎಂದು ತಿಳಿಯಲು ನನಗೆ ತುಸು ಹೊತ್ತು ಬೇಕಾಯಿತು. ಅಷ್ಟರಲ್ಲಿ ಮುಂಬೈಯಿಂದ ಕರೆ: "ನಮ್ಮನ್ನು ಚಿಕ್ಕದು ಮಾಡಿದವರು ಯಾರು?"

ವಿಷಯ ಸಭೆಗೆ ಹೋಯಿತು. ಅಧ್ಯಕ್ಷರಿಗೆ 1.5 ರೆಮ್, ಮುಂಬೈಗೆ 1.25 ಎಂದು ನಾನೇ ರಾಜಿ ಸೂತ್ರ ಮುಂದಿಟ್ಟೆ. ಗೌರವಾಧ್ಯಕ್ಷರು, "ಅದು ತಲಾ ಎಷ್ಟು ಬೀಳುತ್ತದೆ?" ಎಂದು ಖರ್ಚಿನ ಪುಸ್ತಕ ತೆರೆದರು. ಕೊನೆಗೆ ಚಹಾ ಬಂದ ಮೇಲೆ, ಇದನ್ನೆಲ್ಲ ತೀರ್ಮಾನಿಸಲು ಅಕ್ಷರ ಗಾತ್ರ ಉಪಸಮಿತಿಯೊಂದನ್ನು ರಚಿಸಿ ನನ್ನನ್ನು ಸಂಚಾಲಕನನ್ನಾಗಿ ಮಾಡಿದರು. ಅದರ ಹೆಸರುಗಳನ್ನು ಪುಟದಲ್ಲಿ ಎಲ್ಲಿ ಹಾಕಲಿ ಎಂದು ಕೇಳಿದೆ.

"ಬಡಿಸುವವರ ಕೆಳಗೆ," ಎಂದರು ಅಧ್ಯಕ್ಷರು.